ಎದುರಾಳಿಯ ಕೈಗೇ ಪೆನ್ನು ಕೊಟ್ಟಿದ್ದೇಕೆ?

ಓದುಗರ ಪತ್ರ: ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ಗ್ರೀನ್ ಬೇ ಪ್ಯಾಕರ್ಸ್ ತಂಡದ 2025ರ ಮುನ್ನೋಟವನ್ನು ಎದುರಾಳಿ ತಂಡ ಷಿಕಾಗೋ ಬೇರ್ಸ್‌ನ ಅಭಿಮಾನಿಯಿಂದ ಬರೆಸಿದ್ದೀರಿ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಕಳೆದ ಸಲ 11 ಪಂದ್ಯ ಗೆದ್ದ ತಂಡಕ್ಕೆ ಈ ಸಲ 8 ಗೆಲುವಂತೆ! ಎದುರಾಳಿಯ ಚೆಂಡು ಎಸೆಯುವ ಆಟಗಾರ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುವವರಿಲ್ಲ ಎಂದು ಅವರು ಬರೆದರು. ಮರುವಾರವೇ ಆ ಕೆಲಸಕ್ಕೇ ಹೆಸರಾದ ಮೈಕಾ ಪಾರ್ಸನ್ಸ್ ಡಲ್ಲಾಸ್‌ನಿಂದ ಬಂದರು. ಈಗೇನು ಹೇಳುತ್ತೀರಿ?

ಸಂಪಾದಕರ ಉತ್ತರ: ಪ್ಯಾಕರ್ಸ್ ಜೆರ್ಸಿಯಲ್ಲಿ ಹಳದಿ ಇದ್ದೇ ಇದೆಯಲ್ಲ, ಕಂಡರೆ ತಪ್ಪೇನು? ತಮಾಷೆ ಬಿಡಿ. ಈ ಎರಡು ತಂಡಗಳ ಹಗೆ 1921ರದ್ದು. ವರ್ಷಕ್ಕೆ ಎರಡು ಸಲ ಎದುರು ನಿಂತು ಪೆಟ್ಟು ತಿನ್ನುವವರಿಗೆ ಆ ತಂಡದ ಹುಳುಕು ಗೊತ್ತಿರುತ್ತದೆ. ಸ್ವಂತ ಅಭಿಮಾನಿಗಳಿಗೆ ಆಗಸ್ಟ್ ತಿಂಗಳಲ್ಲಿ ಎಲ್ಲ ಹೊಸ ಹುಡುಗರೂ ಹೀರೋಗಳೇ.

ಪಾರ್ಸನ್ಸ್ ವಿಷಯದಲ್ಲಿ ಆ ಮುನ್ನೋಟ ಹಳತಾಯಿತು, ನಿಜ. ಸುಳ್ಳಾಯಿತೇ? 2025ರ ಆಗಸ್ಟ್ 28ರಂದು ಪ್ಯಾಕರ್ಸ್ ಒಬ್ಬ ಆಟಗಾರನಿಗಾಗಿ 2026 ಮತ್ತು 2027ರ ಮೊದಲ ಸುತ್ತಿನ ಡ್ರಾಫ್ಟ್ ಆಯ್ಕೆಗಳನ್ನು (ಹೊಸ ಆಟಗಾರರನ್ನು ಆರಿಸುವ ಸರದಿಗಳನ್ನು) ಡಲ್ಲಾಸ್‌ಗೆ ಕೊಟ್ಟಿತು, ಕೆನ್ನಿ ಕ್ಲಾರ್ಕ್‌ನನ್ನೂ ಕಳಿಸಿತು. ನಾಲ್ಕು ವರ್ಷಕ್ಕೆ 18.8 ಕೋಟಿ ಡಾಲರ್ ಕರಾರು ಬೇರೆ. ಕೊರತೆ ಇಲ್ಲದವರು ಇಷ್ಟು ತೆರುತ್ತಾರೆಯೇ? 2024ರಲ್ಲಿ 45 ಸ್ಯಾಕ್ (ಚೆಂಡು ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುವುದು) ಎಂಬ ಅಂಕಿ ನೋಡಲು ಚೆನ್ನ. ಅದರಲ್ಲಿ 8 ಬಂದದ್ದು ಟೆನ್ನೆಸಿ ಎದುರಿನ ಒಂದೇ ಪಂದ್ಯದಲ್ಲಿ. ಅದನ್ನು ತೆಗೆದರೆ 16 ಪಂದ್ಯಕ್ಕೆ 37.

ನಮ್ಮ ಲೇಖಕರೂ ಊಹಿಸದ ತೊಡಕು ಕ್ಲಾರ್ಕ್ ಹೋದದ್ದು. ರಕ್ಷಣಾ ಸಾಲಿನ ನಡುಮಧ್ಯೆ ಇಬ್ಬರು ಬ್ಲಾಕರ್‌ಗಳನ್ನು ಹಿಡಿದಿಟ್ಟುಕೊಂಡು ಹಿಂದಿನ ಲೈನ್‌ಬ್ಯಾಕರ್‌ಗೆ ದಾರಿ ಬಿಡಿಸುವುದು ಅವನ ಕೆಲಸ. ಅಂಥ ಕೆಲಸ ಅಂಕಿಪಟ್ಟಿಯಲ್ಲಿ ಕಾಣುವುದಿಲ್ಲ. ಡೌನ್ ಎಂದರೆ 10 ಗಜ ದಾಟಲು ಸಿಗುವ ನಾಲ್ಕು ಯತ್ನಗಳಲ್ಲಿ ಒಂದು. ಮೂರನೇ ಡೌನ್‌ನಲ್ಲಿ 8 ಗಜ ಬೇಕಿದ್ದರೆ ಎದುರಾಳಿ ಚೆಂಡು ಎಸೆಯಲೇಬೇಕು, ಆಗ ಪಾರ್ಸನ್ಸ್ ಹುಲಿ. ಮೊದಲೆರಡು ಡೌನ್‌ಗಳಲ್ಲೇ ನಡುವಿನಿಂದ ನಾಲ್ಕು ನಾಲ್ಕು ಗಜ ನುಗ್ಗಿ, 2 ಗಜ ಮಾತ್ರ ಉಳಿಸಿಕೊಂಡರೆ ಹುಲಿಗೆ ಬೇಟೆಯ ಸರದಿಯೇ ಬರುವುದಿಲ್ಲ.

ಇನ್ನು 8 ಗೆಲುವಿನ ಲೆಕ್ಕ. ಇಲ್ಲಿ ನಾನು ನಿಮ್ಮ ಕಡೆ. ಪ್ಯಾಕರ್ಸ್ ಕಳೆದ ಸಲ ತನ್ನ ಡಿವಿಷನ್ (ನಾಲ್ಕು ತಂಡಗಳ ಗುಂಪು) ಒಳಗೆ 6 ಪಂದ್ಯಗಳಲ್ಲಿ 1 ಗೆದ್ದಿತು. ಅದನ್ನೇ ಹಿಡಿದು ನಮ್ಮ ಲೇಖಕರು 'ದೊಡ್ಡವರೆದುರು ಕೈಲಾಗದವರು' ಎಂದರು. ಆದರೆ ಅಂಕಗಳನ್ನು ನೋಡಿ: ಮಿನ್ನೆಸೋಟಾ ಎದುರು 29-31 ಮತ್ತು 25-27, ಡೆಟ್ರಾಯಿಟ್ ಎದುರು 14-24 ಮತ್ತು 31-34, ಬೇರ್ಸ್ ಎದುರು 22-24. ಗೆದ್ದ ಒಂದೂ 20-19, ಅದೂ ಕೊನೆಯ ಒದೆತವನ್ನು ತಡೆದು. ಒಂದು ಬಿಟ್ಟು ಉಳಿದೈದೂ ಮೂರು ಅಂಕಗಳ ಅಂತರದೊಳಗೆ. ಇಂಥ ಫಲಿತಾಂಶ ಮರುವರ್ಷ ಹಾಗೇ ಮರುಕಳಿಸುವುದು ಅಪರೂಪ. ಹಾಗೆಂದು ಹಿಗ್ಗಬೇಡಿ. ಡಿವಿಷನ್ ಹೊರಗೆ ಗಳಿಸಿದ 10 ಗೆಲುವು, 1 ಸೋಲು ಕೂಡ ಉಳಿಯುವಂಥದ್ದಲ್ಲ.

ಅವರು ಪೂರ್ತಿ ಮರೆತದ್ದು ವೇಳಾಪಟ್ಟಿ. 17 ಪಂದ್ಯಗಳಲ್ಲಿ 14 ಸರದಿಯಂತೆ ನಿಗದಿ. ಉಳಿದ ಮೂರು ಹಿಂದಿನ ವರ್ಷದ ಸ್ಥಾನದ ಮೇಲೆ. 11 ಗೆದ್ದೂ ಮೂರನೆಯವರಾದ ಪ್ಯಾಕರ್ಸ್‌ಗೆ ಸಿಕ್ಕವರು ತಮ್ಮ ತಮ್ಮ ಡಿವಿಷನ್‌ಗಳಲ್ಲಿ ಮೂರನೆಯವರಾದ ಅರಿಜೋನಾ, ಕೆರೊಲೈನಾ, ಡೆನ್ವರ್. ಡೆನ್ವರ್ ಸುಲಭದ ತುತ್ತಲ್ಲ. ಉಳಿದೆರಡು ತಂಡಗಳು ಕಳೆದ ಸಲ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು.

ಪಕ್ಷಪಾತ ಹಿಡಿಯಲು ಒಂದು ಉಪಾಯ. ಡಿವಿಷನ್ ಒಳಗೆ ನಡೆಯುವುದು 12 ಪಂದ್ಯ, ಆದ್ದರಿಂದ ನಾಲ್ಕು ತಂಡಗಳ ಒಳಗೆಲುವು ಕೂಡಿದರೆ 12 ಮೀರಬಾರದು. ಬೇರ್ಸ್‌ಗೆ ಡೆಟ್ರಾಯಿಟ್‌ನ ಆಕ್ರಮಣ ರೂಪಿಸಿದ ಬೆನ್ ಜಾನ್ಸನ್ ಕೋಚ್ ಆಗಿ ಬಂದಿದ್ದಾರೆ. ಆ ಖುಷಿಯಲ್ಲಿ ತಮ್ಮವರಿಗೆ ಸೇರಿಸಿದ ಗೆಲುವುಗಳನ್ನು ನಮ್ಮ ಲೇಖಕರು ಪ್ಯಾಕರ್ಸ್ ಜೇಬಿನಿಂದಲೇ ತೆಗೆದಿದ್ದಾರೆ. ಅವರ ದೋಷಪಟ್ಟಿ ಇಟ್ಟುಕೊಳ್ಳಿ, ಅಂಕಿ ಬಿಡಿ.

ಮೊದಲ ಪಂದ್ಯ 2025ರ ಸೆಪ್ಟೆಂಬರ್ 7ರಂದು ಡೆಟ್ರಾಯಿಟ್ ಎದುರು, ನಮಗೆ ಸೋಮವಾರ ನಸುಕಿನ 1.55ಕ್ಕೆ. ನಿದ್ದೆಗೆಟ್ಟು ನೋಡುವುದಾದರೆ ಪಾರ್ಸನ್ಸ್‌ನನ್ನೇ ನೋಡುತ್ತ ಕೂರಬೇಡಿ. ಚೆಂಡು ಹಿಡಿದು ಓಡುವ ಡೆಟ್ರಾಯಿಟ್‌ನ ಗಿಬ್ಸ್, ಮಾಂಟ್ಗೊಮೆರಿ ಇಬ್ಬರನ್ನೂ ಮೊದಲ ಡೌನ್‌ನಲ್ಲಿ ಕ್ಲಾರ್ಕ್ ನಿಲ್ಲುತ್ತಿದ್ದ ಜಾಗಕ್ಕೇ ಓಡಿಸುತ್ತಾರೆಯೇ, ಓಡಿಸಿದರೆ ಎಷ್ಟು ಗಜ ಸಿಗುತ್ತದೆ, ಎಣಿಸಿ.