ಯುದ್ಧ ನಡೆಯುವಾಗ ಸೈನಿಕರ ಪೋಸ್ಟುಗಳಿಗೆ ಕಡಿವಾಣ ಹಾಕುವುದು ಸರಿಯೇ?

ಪ್ರಾಣ ಕೊಡಲು ಹೊರಟವರಿಗೆ ನಾಲ್ಕು ಸಾಲು ಬರೆಯುವ ಹಕ್ಕೂ ಇಲ್ವಾ, ಇದು ಬರೀ ಬಾಯಿ ಮುಚ್ಚಿಸುವ ಕೆಲಸ ಅಲ್ವಾ ಎಂದು ಕೇಳಿದ್ದೀರಿ.

ನಾನು ಸೈನಿಕನಲ್ಲ. ಇರಾಕ್ ಯುದ್ಧದ ದಿನಗಳಲ್ಲಿ ಅಮೆರಿಕದ ಸೈನಿಕರು ಅಲ್ಲಿಂದಲೇ ಬರೆಯುತ್ತಿದ್ದ ಬ್ಲಾಗುಗಳನ್ನು ಓದುವ ಚಟ ಹತ್ತಿತ್ತು, ಅಷ್ಟೇ. ದಿನಾ ಬರೆಯುವವರು ಆಗಾಗ ಇದ್ದಕ್ಕಿದ್ದಂತೆ ಸುಮ್ಮನಾಗಿಬಿಡುತ್ತಿದ್ದರು. ಎರಡು ಮೂರು ದಿನ ಸದ್ದೇ ಇಲ್ಲ. ಮೇಲಿನವರು ಗದರಿಸಿರಬೇಕು ಎಂದುಕೊಳ್ಳುತ್ತಿದ್ದೆ. ಅದಕ್ಕೆ ಇನ್ನೊಂದು ಕಾರಣವೂ ಇರುತ್ತದೆ ಎಂದು ಆಮೇಲೆ ತಿಳಿಯಿತು. ತುಕಡಿಯಲ್ಲಿ ಯಾರಾದರೂ ಸತ್ತರೆ ಆ ನೆಲೆಯಲ್ಲಿ ಸೈನಿಕರು ಮನೆಗೆ ಮಾತಾಡಲು ಬಳಸುವ ಫೋನು, ಇಂಟರ್ನೆಟ್ ಎರಡನ್ನೂ ನಿಲ್ಲಿಸುತ್ತಾರೆ. ಅಮೆರಿಕದ ಪಡೆಗಳಲ್ಲಿ ಇದಕ್ಕೆ 'ರಿವರ್ ಸಿಟಿ' ಎಂಬ ಹೆಸರೇ ಇದೆ. ಸೇನೆಯವರು ಮನೆಬಾಗಿಲಿಗೆ ಹೋಗಿ ಸುದ್ದಿ ಮುಟ್ಟಿಸುವ ತನಕ ಯಾರೂ ಹೊರಗೆ ಮಾತಾಡುವ ಹಾಗಿಲ್ಲ. ಮಗ ಹೋದ ಸುದ್ದಿ ತಾಯಿಗೆ ಯಾರದೋ ಕಮೆಂಟಿನಿಂದ ಗೊತ್ತಾಗಬಾರದಲ್ವಾ? ಈ ತಡೆ ಬೇಡ ಎನ್ನುವವರನ್ನು ನಾನಂತೂ ಇನ್ನೂ ನೋಡಿಲ್ಲ.

ಹಾಗಾಗಿ ತಡೆಯೇ ಇರಬಾರದು ಎಂಬ ವಾದ ನಿಲ್ಲುವುದಿಲ್ಲ. ಯಾವ ಮಾತಿಗೆ ತಡೆ ಎನ್ನುವುದರಲ್ಲೇ ತಕರಾರು ಇರುವುದು.

ಮೊದಲು ನಿಜಕ್ಕೂ ಅಪಾಯದ ಪೋಸ್ಟ್ ಹೇಗಿರುತ್ತದೆ ನೋಡಿ. 2010ರಲ್ಲಿ ಇಸ್ರೇಲಿನ ಸೈನಿಕನೊಬ್ಬ ಫೇಸ್‌ಬುಕ್‌ನಲ್ಲಿ ಒಂದು ಸಾಲು ಹಾಕಿದ. ಬುಧವಾರ ಕತನ್ನಾ ಹಳ್ಳಿಯಲ್ಲಿ ಕಾರ್ಯಾಚರಣೆ, ದೇವರು ಒಳ್ಳೆಯದು ಮಾಡಿದರೆ ಗುರುವಾರ ಮನೆಗೆ, ಎಂಬ ಅರ್ಥದ ಸಾಲು. ಅವನ ಜೊತೆಗಾರರೇ ಮೇಲಧಿಕಾರಿಗಳಿಗೆ ಹೇಳಿದರು. ಪ್ಯಾಲೆಸ್ಟೀನಿಯನ್ನರು ವಾಸಿಸುವ ಪಶ್ಚಿಮ ದಂಡೆಯ ಆ ದಾಳಿಯನ್ನೇ ಕೈಬಿಡಬೇಕಾಯಿತು. ಹುಡುಗನಿಗೆ ಹತ್ತು ದಿನ ಜೈಲು. ಪಾಪ, ಅವನು ಯಾರನ್ನೂ ಬೈದಿರಲಿಲ್ಲ, ಯಾವ ಪಕ್ಷದ ಪರವೂ ಬರೆದಿರಲಿಲ್ಲ. ಮನೆಗೆ ಹೋಗುವ ಖುಷಿಯಲ್ಲಿ ಎಲ್ಲಿಗೆ, ಯಾವಾಗ ಎಂಬ ಎರಡನ್ನೂ ಹೇಳಿಬಿಟ್ಟಿದ್ದ.

ಇನ್ನು ಕೆಲವು ಕಡೆ ಒಂದು ಮಾತೂ ಬೇಕಿರಲಿಲ್ಲ. 2007ರಲ್ಲಿ ಇರಾಕಿನ ನೆಲೆಯೊಂದಕ್ಕೆ ಹೊಸ ಅಪಾಚೆ ಹೆಲಿಕಾಪ್ಟರುಗಳು ಬಂದವು. ಸೈನಿಕರು ಫೋಟೋ ತೆಗೆದು ನೆಟ್‌ಗೆ ಹಾಕಿದರು. ಫೋಟೋದೊಳಗೆ ಜಾಗದ ಗುರುತು ಅಂಟಿಕೊಂಡೇ ಇತ್ತು. ಶತ್ರುಗಳು ಅದನ್ನು ಹಿಡಿದು ಮಾರ್ಟರ್ ಹಾರಿಸಿ ನಾಲ್ಕು ಹೆಲಿಕಾಪ್ಟರುಗಳನ್ನು ಹಾಳುಗೆಡವಿದರು. ಅಮೆರಿಕದ ಸೇನೆ 2012ರಲ್ಲಿ ತಾನೇ ಹೇಳಿಕೊಂಡ ಕಥೆ ಇದು. ಆಮೇಲೆ ಸ್ಟ್ರಾವಾ ಬಂತು. ಓಟ, ಸೈಕಲ್ ಸವಾರಿ ಲೆಕ್ಕ ಇಡುವ ಆ್ಯಪ್. ಜಗತ್ತಿನ ತುಂಬ ಜನ ಓಡಿದ ದಾರಿಗಳನ್ನೆಲ್ಲ ಸೇರಿಸಿ 2017ರ ನವೆಂಬರ್‌ನಲ್ಲಿ ಅವರು ಒಂದು ನಕ್ಷೆ ಬಿಟ್ಟರು. ಎರಡು ತಿಂಗಳ ನಂತರ ಆಸ್ಟ್ರೇಲಿಯಾದ ಒಬ್ಬ ವಿದ್ಯಾರ್ಥಿ ಅದನ್ನು ದಿಟ್ಟಿಸಿ ನೋಡಿದ. ಸಿರಿಯಾ, ಅಫ್ಘಾನಿಸ್ತಾನದ ಕತ್ತಲ ಬಯಲಿನ ನಡುವೆ ಅಲ್ಲಲ್ಲಿ ಚಿಕ್ಕ ಚಿಕ್ಕ ಬೆಳಕಿನ ಗೆರೆಗಳು. ಸೈನಿಕರು ಬೆಳಗ್ಗೆ ನೆಲೆಯ ಸುತ್ತ ಓಡಿದ ಜಾಡು! 2018ರ ಆಗಸ್ಟ್‌ನಲ್ಲಿ ಪೆಂಟಗನ್, ಅಂದರೆ ಅಮೆರಿಕದ ರಕ್ಷಣಾ ಇಲಾಖೆ, ಯುದ್ಧಭೂಮಿಗೆ ಹೋದವರು ಜಾಗ ತೋರಿಸುವ ಸೌಲಭ್ಯವನ್ನು ಬಳಸಲೇಬಾರದು ಎಂದು ಆದೇಶಿಸಿತು.

ಇಲ್ಲಿ ಗುಟ್ಟು ರಟ್ಟು ಮಾಡಿದ್ದು ಜೇಬಿನಲ್ಲಿದ್ದ ಯಂತ್ರ. ಅಭಿಪ್ರಾಯಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಆದರೆ ಸೇನೆಗಳಿಗೆ ಹೆಚ್ಚು ಕಿರಿಕಿರಿ ಅನಿಸುವುದು ಅಭಿಪ್ರಾಯವೇ.

ಕೋಲ್ಬಿ ಬುಜೆಲ್ ಎಂಬ ಅಮೆರಿಕದ ಕಾಲಾಳಿನ ಕಥೆ ಕೇಳಿ. 2004ರಲ್ಲಿ ಇರಾಕಿನ ಮೋಸುಲ್‌ನಿಂದ ಹೆಸರು ಹೇಳಿಕೊಳ್ಳದೆ ಬ್ಲಾಗ್ ಬರೆಯುತ್ತಿದ್ದ. ಆಗಸ್ಟ್ 4ರಂದು ಅಲ್ಲಿ ದೊಡ್ಡ ಕಾಳಗ ನಡೆಯಿತು. ಪೆಂಟಗನ್ ಚಿಕ್ಕದೊಂದು ಒಣ ಹೇಳಿಕೆ ಕೊಟ್ಟಿತು. ಇವನು ಬೆವರು, ಹೆದರಿಕೆ ಎಲ್ಲ ಸೇರಿಸಿ ಬರೆದ. ಪತ್ರಿಕೆಯೊಂದು ಅದನ್ನು ಎತ್ತಿಕೊಂಡ ಮೇಲೆ ಮೇಲಧಿಕಾರಿಗಳಿಗೆ ಆಸಾಮಿ ಯಾರೆಂದು ಗೊತ್ತಾಯಿತು. ಕರೆಸಿದರು. ಅವರು ಬೆರಳಿಟ್ಟು ತೋರಿಸಿದ್ದು ಎರಡು ಕಡೆ. ಒಂದು, ಇನ್ನಷ್ಟು ಮದ್ದುಗುಂಡು ತರಲು ಅವನು ಏನೇನು ಮಾಡಿದ ಎಂಬ ವಿವರ. ಇನ್ನೊಂದು, ಕಾಳಗದ ನಡುವೆ ಕುಡಿಯುವ ನೀರು ಖಾಲಿಯಾಗುತ್ತಾ ಬಂದಿತ್ತು ಎಂಬ ಮಾತು. ಇನ್ನು ಮುಂದೆ ಹಾಕುವ ಮೊದಲು ತೋರಿಸು ಎಂದರು. ಸ್ವಲ್ಪ ದಿನದಲ್ಲೇ ಬರಹ ಬತ್ತಿಹೋಯಿತು.

ಆ ನೀರಿನ ಮಾತು ನನ್ನನ್ನು ಈಗಲೂ ಕಾಡುತ್ತದೆ. ಶತ್ರುವಿಗೆ ಅದು ಉಪಯೋಗದ ಸುದ್ದಿ, ಹೌದು. ಇಂಥ ತುಕಡಿಯನ್ನು ಇಷ್ಟು ಹೊತ್ತು ಸತಾಯಿಸಿದರೆ ಬಾಯಾರಿ ಸೋಲುತ್ತದೆ ಎಂದು ಲೆಕ್ಕ ಹಾಕಬಹುದು. ಅದೇ ಹೊತ್ತಿಗೆ, ನೀರು ಒದಗಿಸಬೇಕಾದವರ ಮೇಲೆ ಅದೊಂದು ದೂರೂ ಹೌದು. ಅಧಿಕಾರಿ ತಡೆದದ್ದು ಗುಟ್ಟನ್ನೋ, ದೂರನ್ನೋ? ಅವರಿಗೇ ಸರಿಯಾಗಿ ಗೊತ್ತಿತ್ತೋ ಇಲ್ಲವೋ.

2007ರ ಏಪ್ರಿಲ್‌ನಲ್ಲಿ ಅಮೆರಿಕದ ಸೇನೆ, ಕಾರ್ಯಾಚರಣೆಯ ಗುಟ್ಟು ಕಾಯಲೆಂದು ಇದ್ದ ತನ್ನ 530-1 ನಿಯಮವನ್ನು ಬಿಗಿ ಮಾಡಿತು. ನೆಟ್‌ನಲ್ಲಿ ಏನಾದರೂ ಹಾಕುವ ಮುಂಚೆ ಮೇಲಿನವರನ್ನು ಕೇಳಬೇಕು ಎಂದಾಯಿತು. ಗಲಾಟೆ ಎದ್ದ ಮೇಲೆ, ಪ್ರತಿ ಪೋಸ್ಟಿಗೂ ಒಪ್ಪಿಗೆ ಬೇಕಿಲ್ಲ ಎಂದು ಮೆತ್ತಗಾದರು. ಮೇ ತಿಂಗಳಲ್ಲಿ ಯೂಟ್ಯೂಬ್, ಮೈಸ್ಪೇಸ್ ಸೇರಿ 13 ಸೈಟುಗಳನ್ನು ರಕ್ಷಣಾ ಇಲಾಖೆಯ ಜಾಲದಲ್ಲಿ ಮುಚ್ಚಿದರು. ಜಾಲಕ್ಕೆ ಹೊರೆ ಜಾಸ್ತಿಯಾಗುತ್ತದೆ ಎಂಬ ಕಾರಣ ಕೊಟ್ಟರು. (ಇರಾಕಿನಲ್ಲಿದ್ದ ಪಡೆಗಳ ಸ್ವಂತ ಯೂಟ್ಯೂಬ್ ಚಾನೆಲ್ ಶುರುವಾಗಿ ಆಗಿನ್ನೂ ಎರಡು ತಿಂಗಳು!) ಅದೇ ವರ್ಷ, ಮಾಹಿತಿ ಹಕ್ಕಿನ ದಾವೆಯೊಂದರಿಂದ ಸೇನೆಯದೇ ತಪಾಸಣೆಯ ಲೆಕ್ಕ ಹೊರಬಿತ್ತು. 2006ರ ಜನವರಿಯಿಂದ ಒಂದು ವರ್ಷದಲ್ಲಿ ಸೈನಿಕರ 594 ಬ್ಲಾಗುಗಳಲ್ಲಿ ಸಿಕ್ಕ ಭದ್ರತಾ ತಪ್ಪುಗಳು 28. ಸೇನೆಯ 878 ಅಧಿಕೃತ ಸೈಟುಗಳಲ್ಲಿ 1,813. ಇದನ್ನು ಓದಿದ ದಿನ ನಾನು ಜೋರಾಗಿಯೇ ನಕ್ಕಿದ್ದೆ.

ಕಾನೂನು ಏನೆನ್ನುತ್ತದೆ ಎಂದು ಕೇಳಿದರೆ ಸೈನಿಕನಿಗೆ ಅಂಥ ಆಸರೆ ಸಿಗುವುದಿಲ್ಲ. ವಿಯೆಟ್ನಾಂಗೆ ಹೋಗಬೇಡಿ ಎಂದು ಸೈನಿಕರಿಗೆ ಹೇಳಿದ ಸೇನಾ ವೈದ್ಯ ಹೊವಾರ್ಡ್ ಲೆವಿಗೆ ಆದ ಶಿಕ್ಷೆಯನ್ನು ಅಮೆರಿಕದ ಸುಪ್ರೀಂ ಕೋರ್ಟ್ 1974ರಲ್ಲಿ ಎತ್ತಿಹಿಡಿಯಿತು. ಭಾರತದ ಸಂವಿಧಾನದ 33ನೇ ವಿಧಿ, ಸೇನೆಯಲ್ಲಿರುವವರ ಮೂಲಭೂತ ಹಕ್ಕುಗಳನ್ನು ಮೊಟಕು ಮಾಡುವ ಅಧಿಕಾರವನ್ನು ಸಂಸತ್ತಿಗೇ ಕೊಟ್ಟಿದೆ. 2020ರಲ್ಲಿ ಭಾರತೀಯ ಸೇನೆ ಫೇಸ್‌ಬುಕ್ ಸೇರಿ 89 ಆ್ಯಪ್ ಅಳಿಸಿಹಾಕಿ ಎಂದಾಗ ಒಬ್ಬ ಲೆಫ್ಟಿನೆಂಟ್ ಕರ್ನಲ್ ದೆಹಲಿ ಹೈಕೋರ್ಟಿಗೆ ಹೋಗಿದ್ದರು. ಅರ್ಜಿ ವಜಾ ಆಯಿತು.

ಹಿಂದೆ ಕಾಗದದ ಕಾಲದಲ್ಲೂ ಸೆನ್ಸಾರ್ ಇತ್ತಲ್ಲ ಎಂದು ಕೆಲವರು ಹೇಳುತ್ತಾರೆ. ಇತ್ತು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನಿಕನ ಕಾಗದವನ್ನು ಸಾಮಾನ್ಯವಾಗಿ ಅವನ ತುಕಡಿಯ ಅಧಿಕಾರಿಯೇ ಓದುತ್ತಿದ್ದ. ಅಚ್ಚು ಹಾಕಿದ ಕಾರ್ಡೂ ಇತ್ತು. 'ಚೆನ್ನಾಗಿದ್ದೇನೆ', 'ಆಸ್ಪತ್ರೆಗೆ ಸೇರಿದ್ದೇನೆ' ಮುಂತಾದ ಸಾಲುಗಳಲ್ಲಿ ಬೇಡದ್ದನ್ನು ಹೊಡೆದುಹಾಕಿ ಕಳಿಸಬೇಕು. ಒಂದು ಪದ ಜಾಸ್ತಿ ಬರೆದರೂ ಕಾರ್ಡು ಕಸಕ್ಕೆ. ಆದರೆ ಕಾಗದ ಓದುವ ಆ ಅಧಿಕಾರಿ ಅದೇ ಕೆಸರಿನ ಕಂದಕದಲ್ಲೇ ಇರುತ್ತಿದ್ದ. ಯಾವುದು ಗುಟ್ಟು, ಯಾವುದು ಬರೀ ಗೋಳು ಎಂದು ಅವನಿಗೆ ಗೊತ್ತಾಗುತ್ತಿತ್ತು. ಜೊತೆಗೆ ಕಾಗದ ಊರು ಮುಟ್ಟಲು ದಿನಗಟ್ಟಲೆ ಬೇಕಿತ್ತು. ಪೋಸ್ಟಿಗೆ ಆ ಬಿಡುವಿಲ್ಲ. ಈ ಒಂದು ಕಾರಣಕ್ಕೆ ಇವತ್ತಿನ ತಡೆ ಸ್ವಲ್ಪ ಬಿಗಿಯಾಗಿಯೇ ಇರಬೇಕು ಎಂದು ನಾನೂ ಒಪ್ಪುತ್ತೇನೆ.

ಒಪ್ಪದೇ ಇರುವುದು ಪೂರ್ವ ಉಕ್ರೇನಿನಲ್ಲಿ ರಷ್ಯಾದ ಹಿಡಿತದಲ್ಲಿದ್ದ ಮಕಿಯಿವ್ಕಾದಂಥ ಕಡೆ. 2023ರ ಹೊಸ ವರ್ಷ ಹುಟ್ಟುವ ರಾತ್ರಿ ಅಲ್ಲಿನ ಶಾಲೆಯ ಕಟ್ಟಡದಲ್ಲಿದ್ದ ರಷ್ಯಾ ಸೈನಿಕರ ಮೇಲೆ ಉಕ್ರೇನಿನ ರಾಕೆಟ್ ಬಿತ್ತು. ರಷ್ಯಾವೇ ಒಪ್ಪಿಕೊಂಡ ಸಾವು 89. ಸೈನಿಕರು ಗುಂಪಾಗಿ ಮೊಬೈಲ್ ಬಳಸಿದ್ದೇ ಮುಖ್ಯ ಕಾರಣ ಎಂದು ರಷ್ಯಾದ ರಕ್ಷಣಾ ಸಚಿವಾಲಯ ಹೇಳಿತು. ಫೋನ್ ತಪ್ಪೇ ಇರಬಹುದು. 2019ರಿಂದ ರಷ್ಯಾ ಸೇನೆಯಲ್ಲಿ ಕೆಲಸದ ಹೊತ್ತಲ್ಲಿ ಸ್ಮಾರ್ಟ್‌ಫೋನ್ ಇಟ್ಟುಕೊಳ್ಳುವುದಕ್ಕೆ ಕಾನೂನಿನ ತಡೆಯೂ ಇತ್ತು. ಆದರೆ ಅಷ್ಟೊಂದು ಜನರನ್ನು ಒಂದೇ ಸೂರಿನಡಿ ತುಂಬಿಸಿದ್ದು ಯಾರು, ಮದ್ದುಗುಂಡನ್ನು ಪಕ್ಕದಲ್ಲೇ ಇಡಿಸಿದ್ದು ಯಾರು ಎಂದು ಯುದ್ಧದ ಪರ ಇದ್ದ ರಷ್ಯಾದ ಬರಹಗಾರರೇ ಕೇಳಿದರು. ಸತ್ತವರ ಫೋನನ್ನು ದೂರುವುದು ಸುಲಭ.

ನಿಮ್ಮ ಕಡೆಯವರು ಯಾರಾದರೂ ಸೇವೆಯಲ್ಲಿದ್ದು ಈ ಪ್ರಶ್ನೆ ಕೇಳಿದ್ದರೆ, ಒಂದು ಮಾತು. ಎಲ್ಲಿ, ಯಾವಾಗ, ಎಷ್ಟು ಜನ, ಏನು ಕೊರತೆ, ಇವು ಯಾವುದೂ ಪೋಸ್ಟಿನಲ್ಲಿ ಬರಬಾರದು. ಫೋಟೋದ ಹಿಂದೆ ಕಾಣುವ ಬೆಟ್ಟ, ಕಂಬ, ಬೋರ್ಡು ಕೂಡ. ಇನ್ನು ಅಧಿಕಾರಿಯ ಬಗ್ಗೆ, ಸರ್ಕಾರದ ಬಗ್ಗೆ ಬರೆದರೆ ಶತ್ರುವಿಗೆ ಅದರಿಂದ ಮೂರು ಕಾಸಿನ ಲಾಭ ಆಗದಿದ್ದರೂ ಕೆಲಸಕ್ಕೆ ಸಂಚಕಾರ ಬರಬಹುದು. ನ್ಯಾಯ ಅಂತ ನಾನು ಹೇಳುತ್ತಿಲ್ಲ. ಇರುವುದು ಹೀಗೆ.

ಗುಟ್ಟಿಗೆ ಒಂದು ಆಯಸ್ಸಿರುತ್ತದೆ. ತುಕಡಿ ಜಾಗ ಬಿಟ್ಟು, ಕೊರತೆ ಸರಿಹೋದ ಮೇಲೆ ಅದರಲ್ಲಿ ಗುಟ್ಟೇನೂ ಉಳಿಯುವುದಿಲ್ಲ. ನನ್ನ ಕೈಯಲ್ಲಿದ್ದಿದ್ದರೆ ಬುಜೆಲ್‌ನ ಆ ನೀರಿನ ಮಾತನ್ನು ಒಂದು ಹದಿನೈದು ದಿನ ತಡೆದು, ಅಷ್ಟರಲ್ಲಿ ನೀರು ಕಳಿಸಿ, ಆಮೇಲೆ ಹಾಕಿಕೋ ಮಾರಾಯ ಎನ್ನುತ್ತಿದ್ದೆ.