ದಾವಣಗೆರೆಯ ಹೊಟ್ಟೆ, ಮೆಕ್ಸಿಕೋದ ಬಫೆ

ನವೆಂಬರ್ ಬಂತೆಂದರೆ ನನಗೆ ಬರುವ ಪತ್ರಗಳಲ್ಲೆಲ್ಲ ಮೆಕ್ಸಿಕೋದ ಒಂದೇ ಊರು: ಕ್ಯಾನ್‌ಕೂನ್. ಟೆಕ್ಸಸ್, ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾ ಕಡೆಯ ನಮ್ಮ ಕನ್ನಡದ ಗಂಡ-ಹೆಂಡಿರು ಟಿಕೆಟ್ ತೆಗೆದು, ಹೋಟೆಲು ಹಿಡಿದು, ಹೊಸ ಟೋಪಿಯನ್ನೂ ಕೊಂಡು, ಇನ್ನು ಮೂರೇ ದಿನ ಅನ್ನುವಾಗ ಹೊಟ್ಟೆಯ ಡಾಕ್ಟರನ್ನು ನೆನೆಸಿಕೊಳ್ಳುತ್ತಾರೆ. ಪ್ರಶ್ನೆಗಳು ಹದಿನೈದು ವರ್ಷದಿಂದ ಬದಲಾಗಿಲ್ಲ. ನಲ್ಲಿ ನೀರು ಕುಡಿಯಬೇಡಿ, ಊಟಕ್ಕೆ ಮೊದಲು ಕೈ ತೊಳೆಯಿರಿ ಅನ್ನುವುದನ್ನು ನಾನು ಬರೆಯುವುದಿಲ್ಲ. ಅದನ್ನು ನಿಮ್ಮ ಅಮ್ಮ ಹೇಳಿಕೊಟ್ಟಾಗಿದೆ.

ಪ್ರಶ್ನೆ: ನಾವಿಬ್ಬರೂ ದಾವಣಗೆರೆಯವರು. ಮಂಡಕ್ಕಿ-ಮಿರ್ಚಿ, ಗಾಡಿಯ ಪಾನಿಪುರಿ ತಿಂದು ಬೆಳೆದ ಹೊಟ್ಟೆ. ಡಾಲಸ್‌ಗೆ ಬಂದು 11 ವರ್ಷ ಆಯ್ತು. ಮದುವೆಯ ಹತ್ತನೇ ವರ್ಷಕ್ಕೆ ಕ್ಯಾನ್‌ಕೂನ್ ಎದುರಿನ ಇಸ್ಲಾ ಮುಹೇರೆಸ್ ದ್ವೀಪದಲ್ಲಿ ಐದು ದಿನ ಸುಮ್ಮನೆ ಬಿದ್ದುಕೊಂಡಿದ್ದು ಬರೋಣ ಅಂತಿದ್ದೇವೆ. "ನಮ್ಮಂಥವರಿಗೆ ಬೀದಿ ಊಟದಿಂದ ಏನೂ ಆಗಲ್ಲ" ಅಂತಾರೆ ನಮ್ಮ ಮನೆಯವರು. ಹೋಟೆಲಿನ ಬಫೆ ಬಿಟ್ಟು ಎಲ್ಲೂ ಬಾಯಿಗೆ ಹಾಕಬಾರದು ಅಂತ ನಾನು. ಯಾರು ಸರಿ ಡಾಕ್ಟರೇ?

ಉತ್ತರ: ಇಬ್ಬರೂ ತಪ್ಪು. ನಿಮ್ಮ ಯಜಮಾನರ ತಪ್ಪು ಹೆಚ್ಚು ಜನಪ್ರಿಯ, ಆದ್ದರಿಂದ ಅದೇ ಮೊದಲು.

ಪ್ರವಾಸಿಗರ ಭೇದಿಗೆ ಕಾರಣ ಖಾರವಲ್ಲ, ಎಣ್ಣೆಯಲ್ಲ, ನಮ್ಮ ಕಡೆ ಹೇಳುವ "ನೀರು ಬದಲಾದದ್ದೂ" ಅಲ್ಲ. ಮೆಕ್ಸಿಕೋದಲ್ಲಿ ಅತಿ ಹೆಚ್ಚು ಸಲ ಸಿಕ್ಕಿಬೀಳುವ ಕಳ್ಳ ಇ. ಕೋಲೈ ಬ್ಯಾಕ್ಟೀರಿಯಾದ ವಿಷ ಬಿಡುವ ಒಂದು ಬಗೆ, ನಾವು ಈಟೆಕ್ ಅನ್ನುತ್ತೇವೆ. ಅದು ಕರುಳಿನ ಗೋಡೆಗೆ ಅಂಟಿ ವಿಷ ಬಿಟ್ಟಿತೆಂದರೆ ಕರುಳು ಮೈಯ ನೀರು-ಉಪ್ಪನ್ನು ಸುರಿಯತೊಡಗುತ್ತದೆ. ನಮ್ಮೂರುಗಳಲ್ಲಿ ಬೆಳೆದ ಮಕ್ಕಳು ಇಂಥದ್ದನ್ನು ಮತ್ತೆ ಮತ್ತೆ ಎದುರಿಸಿ ಒಂದಿಷ್ಟು ತಡೆಯುವ ಶಕ್ತಿ ಗಳಿಸಿಕೊಂಡಿರುತ್ತಾರೆ, ನಿಜ. ಆದರೆ ಅದು ಪಿತ್ರಾರ್ಜಿತ ಆಸ್ತಿಯಲ್ಲ, ಪ್ರೀಪೇಯ್ಡ್ ಸಿಮ್ಮು. ರೀಚಾರ್ಜ್ ಇಲ್ಲದಿದ್ದರೆ ಕಟ್ಟಾಗುತ್ತದೆ. 11 ವರ್ಷ ಡಾಲಸ್ ನೀರು ಕುಡಿದ ಮೇಲೆ ನಿಮ್ಮದು ಡಾಲಸ್ ಹೊಟ್ಟೆ. ಸಾಕ್ಷಿ ಬೇಕಿದ್ದರೆ, ಹೋದ ಸಲ ಊರಿಗೆ ಹೋದ ಮೂರನೇ ದಿನ ನಿಮ್ಮ ಯಜಮಾನರು ಎಲ್ಲಿದ್ದರು ಅಂತ ನಿಮ್ಮ ಅತ್ತೆಯವರನ್ನು ಕೇಳಿ.

ಖಾರ ತಿನ್ನುವ ಜಂಬವೂ ಬೇಡ. ಖಾರ ತಡೆಯುವುದಕ್ಕೂ ರೋಗ ತಡೆಯುವುದಕ್ಕೂ ಸಂಬಂಧವಿಲ್ಲ. ಮೇಲಾಗಿ ಮೆಣಸಿನಕಾಯಿ ಅಂಥ ಊರುಗಳಿಂದಲೇ ಪೋರ್ಚುಗೀಸರ ಹಡಗು ಹತ್ತಿ ನಮಗೆ ಬಂದದ್ದು. ಕ್ಯಾನ್‌ಕೂನ್ ಇರುವ ಯುಕತಾನ್ ಕಡೆಯ ಹಬನೆರೊ ಮೆಣಸಿನಕಾಯಿಯ ಮುಂದೆ ನಮ್ಮ ಬ್ಯಾಡಗಿ ಬರೀ ಬಣ್ಣ.

ಇನ್ನೊಂದನ್ನು ನೀವು ಹೇಳಿಲ್ಲ, ನಾನೇ ಕೇಳುತ್ತೇನೆ. ಮನೆಯಲ್ಲಿ ಯಾರಾದರೂ ಬೆಳಗ್ಗೆ ಎದ್ದು "ಗ್ಯಾಸ್ ಮಾತ್ರೆ" ನುಂಗುತ್ತೀರಾ? ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್? ನನ್ನಲ್ಲಿಗೆ ಬರುವ ನಲವತ್ತು ದಾಟಿದ ಕನ್ನಡಿಗರಲ್ಲಿ ಬಹಳ ಮಂದಿ ವರ್ಷಗಟ್ಟಲೆ ಇದನ್ನು ಯಾರ ಚೀಟಿಯೂ ಇಲ್ಲದೆ ನುಂಗುತ್ತಿರುತ್ತಾರೆ. ಹೊಟ್ಟೆಯ ಆಮ್ಲ ಬಾಗಿಲಲ್ಲಿ ನಿಂತ ಕಾವಲುಗಾರ. ಅವನನ್ನು ಮಲಗಿಸಿ ಮೆಕ್ಸಿಕೋಗೆ ಹೋದರೆ ಸೋಂಕಿನ ಅಪಾಯ ಹೆಚ್ಚು. ಹುಣ್ಣಿಗೋ ರಕ್ತಸ್ರಾವಕ್ಕೋ ವೈದ್ಯರು ಕೊಟ್ಟಿದ್ದರೆ ಬಿಡಬೇಡಿ. ಅಭ್ಯಾಸಕ್ಕೆ ನುಂಗುತ್ತಿದ್ದರೆ ಹೊರಡುವ ಮೊದಲು ನಿಮ್ಮ ಡಾಕ್ಟರ ಹತ್ತಿರ ಮಾತಾಡಿ.

ಈಗ ನಿಮ್ಮ ಬಫೆ. 1974ರ ಅಕ್ಟೋಬರ್‌ನಲ್ಲಿ ಮೆಕ್ಸಿಕೋ ಸಿಟಿಯಲ್ಲಿ ಜಠರ ಮತ್ತು ಕರುಳಿನ ತಜ್ಞರ ವಿಶ್ವ ಸಮ್ಮೇಳನ ನಡೆಯಿತು. ಪ್ರಪಂಚದ ಹೊಟ್ಟೆ ಡಾಕ್ಟರುಗಳೆಲ್ಲ ಹೆಂಡತಿ-ಮಕ್ಕಳ ಸಮೇತ ಹೋಗಿ ಇಳಿದರು. ಸಂಶೋಧಕರು ಅವರಲ್ಲಿ 120 ಚಿಲ್ಲರೆ ಮಂದಿಯನ್ನು ಹಿಂಬಾಲಿಸಿ ನೋಡಿದರೆ ಸುಮಾರು ಅರ್ಧದಷ್ಟು ಜನಕ್ಕೆ ಭೇದಿ! ಈಟೆಕ್ ತಗುಲಿದವರ ಊಟವನ್ನು ಕೆದಕಿದಾಗ ಕೈಗೆ ಸಿಕ್ಕಿದ್ದು ಹಸಿ ತರಕಾರಿಯ ಸಲಾಡ್. ಅವರೇನೂ ಗಟಾರದ ಪಕ್ಕ ಕೂತು ಉಂಡವರಲ್ಲ.

ನನ್ನದೇ ಕಥೆ ಕೇಳಿ. ಆರು ವರ್ಷದ ಹಿಂದೆ ಆ ಕರಾವಳಿಯ ದುಬಾರಿ ಹೋಟೆಲೊಂದರಲ್ಲಿ, ಎಲ್ಲರಿಗೂ ಬುದ್ಧಿ ಹೇಳುವ ನಾನು, ಬೆಳಗಿನ ಬಫೆಯಲ್ಲಿ ಕತ್ತರಿಸಿಟ್ಟ ಕರಬೂಜ ಹಣ್ಣನ್ನು ಎರಡು ತಟ್ಟೆ ತಿಂದೆ. ಮಂಜಿನ ಮೇಲೆ ಜೋಡಿಸಿದ್ದರು, ನೋಡಲು ಚೆನ್ನಾಗಿತ್ತು. ಮಾರನೇ ರಾತ್ರಿಯಿಂದ ಎರಡು ದಿನ ಸಮುದ್ರ ಕಂಡದ್ದು ಬಚ್ಚಲಿನ ಕಿಟಕಿಯಿಂದ. ನನ್ನ ಹೆಂಡತಿ ಬೀದಿ ಮೂಲೆಯ ಗಾಡಿಯಲ್ಲಿ ದಿನಾ ಟ್ಯಾಕೊ (ರೊಟ್ಟಿಯಲ್ಲಿ ಪಲ್ಯವೋ ಮಾಂಸವೋ ಮಡಚಿದ್ದು) ತಿಂದು, ಕನ್ನಡಕ ಹಾಕಿಕೊಂಡು ನೀರಲ್ಲಿ ಮೀನು ನೋಡಿ ಬಂದಳು. ಇವತ್ತಿಗೂ ಅದನ್ನು ಹೇಳದ ಔತಣವಿಲ್ಲ.

ವ್ಯತ್ಯಾಸ ಬೀದಿ-ಹೋಟೆಲಿನದಲ್ಲ, ಬಿಸಿಯದು ಮತ್ತು ಹೊತ್ತಿನದು. ನಾಲ್ಕೈದು ಡಿಗ್ರಿಗಿಂತ ಮೇಲೆ, 60 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಂಟೆಗಟ್ಟಲೆ ಕೂತ ಊಟ ಬ್ಯಾಕ್ಟೀರಿಯಾಕ್ಕೆ ತೊಟ್ಟಿಲು. ಬಫೆಯೆಂದರೆ ಅದೇ: ಉಗುರುಬೆಚ್ಚಗಿನ ಅನ್ನ, ಹತ್ತಾರು ಕೈ ಮುಟ್ಟಿದ ಒಂದೇ ಇಕ್ಕಳ. ವಾಂತಿ-ಭೇದಿ ತರುವ ನಾರೊವೈರಸ್‌ಗೆ ಆ ಇಕ್ಕಳ ಒಳ್ಳೆಯ ವಾಹನ. ನಿಮ್ಮ ಪರ್ಸಿನಲ್ಲಿರುವ ಸ್ಯಾನಿಟೈಸರ್‌ಗೆ ಅದು ಸರಿಯಾಗಿ ಬಗ್ಗುವುದಿಲ್ಲ, ಸೋಪು-ನೀರೇ ಬೇಕು.

ಗಾಡಿಯವನ ಮುಂದೆ ಒಂದೈದು ನಿಮಿಷ ನಿಂತು ನೋಡಿ. ಕೊಮಾಲ್, ಅಂದರೆ ಅವರ ಕಾವಲಿ, ಚುರ್ ಅನ್ನುತ್ತಿರಬೇಕು. ಟಾರ್ಟಿಯಾ, ಅಂದರೆ ಅವರ ರೊಟ್ಟಿ, ನಿಮ್ಮ ಕಣ್ಣೆದುರೇ ಬೇಯಬೇಕು. ದುಡ್ಡು ಮುಟ್ಟುವ ಕೈ ಬೇರೆ, ಊಟ ಮುಟ್ಟುವ ಕೈ ಬೇರೆ ಇರಬೇಕು. ಎಷ್ಟೋ ಕಡೆ ತಟ್ಟೆಗೆ ಪ್ಲಾಸ್ಟಿಕ್ ಚೀಲ ತೊಡಿಸಿ, ಗಿರಾಕಿ ಎದ್ದೊಡನೆ ಚೀಲ ಬದಲಾಯಿಸುತ್ತಾರೆ. ನೋಡಲು ಚೆಂದವಲ್ಲ, ನನಗೆ ಬಹಳ ಇಷ್ಟ. ಊರಿನ ಜನ, ಅದರಲ್ಲೂ ಮಕ್ಕಳ ಜೊತೆ ಬಂದವರು, ಸಾಲು ನಿಂತಿದ್ದರೆ ನೀವೂ ನಿಲ್ಲಿ.

ಕೆಡುವುದು ಎಲ್ಲಿ ಗೊತ್ತೇ? ಬಿಸಿ ಟ್ಯಾಕೊ ಮೇಲೆ ನೀವೇ ಸುರಿದುಕೊಳ್ಳುವ ಹಸಿ ಸಾಲ್ಸಾದಲ್ಲಿ, ಅಂದರೆ ಅವರ ಚಟ್ನಿಯಲ್ಲಿ. ಬೆಳಗ್ಗೆ ರುಬ್ಬಿ ಬಿಸಿಲಿಗಿಟ್ಟ ಬಟ್ಟಲು, ಅದರಲ್ಲೊಂದು ಚಮಚ. ಮೆಕ್ಸಿಕೋದ ಗ್ವಾದಲಹಾರ ನಗರದ ಹೋಟೆಲುಗಳ ಸಾಸ್‌ಗಳನ್ನು 2002ರ ಅಧ್ಯಯನವೊಂದು ಪರೀಕ್ಷಿಸಿದಾಗ ಅರ್ಧಕ್ಕೂ ಹೆಚ್ಚು ಮಾದರಿಗಳಲ್ಲಿ ಇ. ಕೋಲೈ ಸಿಕ್ಕಿತು. ಅದೇ ಅಧ್ಯಯನಕ್ಕೆ ನಮ್ಮ ಹ್ಯೂಸ್ಟನ್ನಿನ ಸಾಸ್‌ಗಳನ್ನೂ ತೆಗೆದುಕೊಂಡಿದ್ದರು. ಅವೂ ಪೂರ್ತಿ ಶುದ್ಧವಾಗಿರಲಿಲ್ಲ, ಮೂಗು ಮುರಿಯುವ ಮೊದಲು ಇದು ತಿಳಿದಿರಲಿ. ನಿಂಬೆ ಹಣ್ಣು ಹಿಂಡಿಕೊಳ್ಳಿ, ಹುರಿದ ಇಡೀ ಮೆಣಸಿನಕಾಯಿ ಕೇಳಿ, ಸಾಕು.

ಆ ದ್ವೀಪಕ್ಕೆ ಹೋಗಿ ಮೀನು ತಿನ್ನುವವರು ಟಿಕಿನ್ ಶಿಕ್ ಬಿಟ್ಟು ಬಂದರೆ ನಷ್ಟ. ಮೀನಿಗೆ ಅಚಿಯೋಟೆ ಬೀಜದ ಕೆಂಪು ಮಸಾಲೆ ಮೆತ್ತಿ, ಬಾಳೆ ಎಲೆಯಲ್ಲಿ ಕೆಂಡದ ಮೇಲೆ ಬೇಯಿಸಿದ್ದು, ಹೊಗೆಯಾಡುತ್ತಲೇ ಬರುತ್ತದೆ. ಮಂಗಳೂರು-ಕಾರವಾರದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಎಳನೀರನ್ನು ನಿಮ್ಮೆದುರೇ ಕೆತ್ತಿಸಿಕೊಳ್ಳಿ. ಮಾವಿನಹಣ್ಣನ್ನು ಇಡಿಯಾಗಿ ಕೊಂಡು ರೂಮಿನಲ್ಲಿ ನೀವೇ ಸುಲಿಯಿರಿ. ಲೋಟದಲ್ಲಿ ಹೆಚ್ಚಿಟ್ಟದ್ದು ಬೇಡ. ಐಸ್ ವಿಷಯದಲ್ಲಿ ಹಳೆಯ ಭಯ ಸ್ವಲ್ಪ ಇಳಿಸಬಹುದು: ನಡುವೆ ತೂತಿರುವ ಕೊಳವೆಯಾಕಾರದ ತುಂಡುಗಳು ಸಾಮಾನ್ಯವಾಗಿ ಕಾರ್ಖಾನೆಯಲ್ಲಿ ಶುದ್ಧ ನೀರಿನಿಂದ ಮಾಡಿದವು. ಅಲ್ಲಿನ ಜನರೂ ಮನೆಯಲ್ಲಿ 20 ಲೀಟರ್ ಕ್ಯಾನಿನ ನೀರನ್ನೇ ಕುಡಿಯುವುದು. ದೊಡ್ಡ ಗಡ್ಡೆಯನ್ನು ಕುಟ್ಟಿ ಹಾಕುತ್ತಿದ್ದರೆ ಮಾತ್ರ ನಾನು ಮುಂದೆ ಹೋಗುತ್ತೇನೆ.

ಪ್ರಶ್ನೆ: ಊಟದ ಮೇಲೆ ಒಂದು ಟಕೀಲಾ ಹಾಕಿದರೆ ಕ್ರಿಮಿ ಎಲ್ಲ ಸಾಯುತ್ತವಂತೆ. ಹಸಿ ಮೀನಿನ ಸೆವಿಚೆಯಲ್ಲೂ ನಿಂಬೆರಸವೇ ಮೀನನ್ನು ಬೇಯಿಸುತ್ತದಂತೆ?

ಉತ್ತರ: ಟಕೀಲಾದಿಂದ ಸಾಯುವುದು ಮರುದಿನದ ಬೆಳಗು ಮಾತ್ರ. ನಿಂಬೆರಸ ಮೀನಿನ ಬಣ್ಣ ಬದಲಾಯಿಸುತ್ತದೆ, ಅದರೊಳಗಿನ ರೋಗಾಣುಗಳನ್ನೆಲ್ಲ ಕೊಲ್ಲುವುದಿಲ್ಲ. ಹಸಿ ಮೀನು, ಹಸಿ ಚಿಪ್ಪು ನಾನು ತಿನ್ನುವುದಿಲ್ಲ. ಬ್ಯಾರಕೂಡಾ ಮೀನನ್ನಂತೂ ಬೇಯಿಸಿದರೂ ತಿನ್ನುವುದಿಲ್ಲ. ಹವಳದ ದಿಬ್ಬದ ದೊಡ್ಡ ಮೀನುಗಳಲ್ಲಿ ಸೇರಿಕೊಳ್ಳುವ ಸಿಗ್ವಟೆರಾ ವಿಷ ಬೆಂಕಿಗೆ ಹೋಗುವಂಥದ್ದಲ್ಲ.

ಪ್ರಶ್ನೆ: ಊರಿಂದ ತಂದ ನಾರ್‌ಫ್ಲಾಕ್ಸಸಿನ್-ಟಿನಿಡಜೋಲ್ ಮಾತ್ರೆ ಇದೆ. ಹೋಗುವ ದಿನದಿಂದಲೇ ದಿನಕ್ಕೊಂದು ತೆಗೆದುಕೊಂಡರೆ ಆಗದೇ?

ಉತ್ತರ: ಆಗದು. ಈ ಪ್ರಶ್ನೆ ಕೇಳಿ ಕೇಳಿ ನನ್ನ ಬಿಪಿ ಏರಿದೆ. ಊರಿನ ಮೆಡಿಕಲ್ ಶಾಪಿನವನು ಚೀಟಿ ಕೇಳದೆ ಕೊಟ್ಟದ್ದನ್ನು ಹಬ್ಬದ ಉಂಡೆಯ ಹಾಗೆ ಡಬ್ಬಿಯಲ್ಲಿಟ್ಟುಕೊಂಡು ಕಡಲು ದಾಟುತ್ತೀರಿ. ಪ್ರವಾಸದಲ್ಲಿ ಆಂಟಿಬಯಾಟಿಕ್ ನುಂಗಿದವರ ಕರುಳಿನಲ್ಲಿ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಬೀಡುಬಿಟ್ಟು ಮನೆಯವರೆಗೂ ಬರುವ ಸಾಧ್ಯತೆ, ನುಂಗದವರಿಗಿಂತ ಹೆಚ್ಚು.

ಚೀಲದಲ್ಲಿ ಇರಬೇಕಾದದ್ದು: ಓಆರ್‌ಎಸ್ ಪೊಟ್ಟಣ, ಭೇದಿ ತಡೆಯುವ ಲೊಪೆರಮೈಡ್, ಮತ್ತು ನಿಮ್ಮನ್ನು ಬಲ್ಲ ಡಾಕ್ಟರು ಬರೆದುಕೊಟ್ಟರೆ ಅಜಿತ್ರೊಮೈಸಿನ್ ಎಂಬ ಆಂಟಿಬಯಾಟಿಕ್. ಭೇದಿ ಶುರುವಾದರೆ ಮೊದಲು ಓಆರ್‌ಎಸ್, ಆಮೇಲೂ ಓಆರ್‌ಎಸ್. ಪೊಟ್ಟಣ ಮುಗಿದರೆ ಅಲ್ಲಿನ ಔಷಧಿ ಅಂಗಡಿಯಲ್ಲಿ "ಸ್ವೇರೊ ಓರಾಲ್" ಅನ್ನಿ. ಅದೂ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡನ್ನೂ ತಲೆ ತಟ್ಟಿ ಅಳೆಯಿರಿ. ಲೊಪೆರಮೈಡ್ ವಿಮಾನ ಹತ್ತುವ ದಿನಕ್ಕೆ ಉಪಕಾರಿ. ಜ್ವರವೋ ರಕ್ತವೋ ಕಂಡರೆ ಅದನ್ನು ಮುಟ್ಟದೆ ಆಸ್ಪತ್ರೆಗೆ ಹೋಗಿ. ಸಕ್ಕರೆ ಕಾಯಿಲೆ, ಬಿಪಿಗೆ ಮಾತ್ರೆ ತೆಗೆದುಕೊಳ್ಳುವವರು ನಿರ್ಜಲರಾದಾಗ ಯಾವ ಮಾತ್ರೆ ನಿಲ್ಲಿಸಬೇಕೆಂದು ಹೊರಡುವ ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ಉಳಿದವರದ್ದು ಸಾಮಾನ್ಯವಾಗಿ ಮೂರರಿಂದ ಐದು ದಿನಕ್ಕೆ ತಾನಾಗಿ ನಿಲ್ಲುತ್ತದೆ.

ಮೆಕ್ಸಿಕೋದಲ್ಲಿ 2010ರ ಆಗಸ್ಟ್‌ನಿಂದ ಆಂಟಿಬಯಾಟಿಕ್‌ಗೆ ಚೀಟಿ ಕಡ್ಡಾಯ. ಚೀಟಿಯಿಲ್ಲದೆ, ಬಿಡಿಬಿಡಿಯಾಗಿ ಮಾತ್ರೆ ಎಣಿಸಿಕೊಡುವ ಪ್ರವಾಸಿ ಬೀದಿಯ ಅಂಗಡಿಯಿಂದ ಏನನ್ನೂ ಕೊಳ್ಳಬೇಡಿ. ಅಂಥ ಮಾತ್ರೆಗಳಲ್ಲಿ ಫೆಂಟನಿಲ್ ಎಂಬ ಜೀವ ತೆಗೆಯಬಲ್ಲ ಮಾದಕವಸ್ತು ಸಿಕ್ಕ ಉದಾಹರಣೆಗಳಿವೆ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಬೀನ್ಸ್, ಅನ್ನ, ಟಾರ್ಟಿಯಾ ತಿಂದುಕೊಂಡು ಇರಬಹುದಲ್ಲ?

ಉತ್ತರ: ಇದು ಹೊಟ್ಟೆಯ ಪ್ರಶ್ನೆಯಲ್ಲ, ಆದರೂ ಪಾಪ ಅನ್ನಿಸಿ ಹೇಳುತ್ತೇನೆ. ಅರೆದು ಹುರಿದ ಬೀನ್ಸಿಗೆ ಹಂದಿ ಕೊಬ್ಬು ಹಾಕುವುದು ಅಲ್ಲಿ ಮಾಮೂಲು, ಅದರ ಹೆಸರು ಮಾಂತೇಕಾ. ಮಾಂತೆಕೀಯಾ ಅಂದರೆ ಬೆಣ್ಣೆ. ಎರಡನ್ನೂ ಅದಲು ಬದಲು ಮಾಡಿ ಕೇಳಿ ಕೆಟ್ಟವರನ್ನು ಕಂಡಿದ್ದೇನೆ. ಅನ್ನವನ್ನು ಕೋಳಿ ಸಾರಿನಲ್ಲಿ ಬೇಯಿಸಿರುತ್ತಾರೆ. ತಮಾಲ್ ಅನ್ನುವುದು ನಮ್ಮ ಕೊಟ್ಟೆ ಕಡುಬಿನ ದೂರದ ನೆಂಟನಂತೆ ಎಲೆಯಲ್ಲಿ ಸುತ್ತಿ ಹಬೆಯಲ್ಲಿ ಬೆಂದದ್ದು. ಒಳಗೆ ಬರೀ ಚೀಸು-ಮೆಣಸಿನಕಾಯಿ ಇದ್ದರೂ ಹಿಟ್ಟಿಗೆ ಅದೇ ಕೊಬ್ಬು ಕಲಸಿರುತ್ತದೆ. "ಕಾರ್ನೆ (ಮಾಂಸ) ಬೇಡ" ಅಂದರೆ ದನದ ಮಾಂಸ ಬೇಡವೆಂದು ತಿಳಿದು ಕೋಳಿ ತಂದಿಡುವುದೂ ಉಂಟು. ಬಿಡಿಸಿ ಹೇಳಿ: "ಸಿನ್ ಮಾಂತೇಕಾ, ಸಿನ್ ಪೊಯ್ಯೊ, ಸಿನ್ ಹಮೋನ್, ಸಿನ್ ಕಾಲ್ದೊ ದೆ ಪೊಯ್ಯೊ." ಕೊಬ್ಬಿಲ್ಲದೆ, ಕೋಳಿಯಿಲ್ಲದೆ, ಹ್ಯಾಮ್ ಇಲ್ಲದೆ, ಕೋಳಿ ಸಾರಿಲ್ಲದೆ.

ಮೆಕ್ಕೆಜೋಳದ ಟಾರ್ಟಿಯಾ ಬಹುಮಟ್ಟಿಗೆ ನಿಶ್ಚಿಂತೆ. ಮೆಕ್ಕೆಜೋಳವನ್ನು ಸುಣ್ಣದ ನೀರಲ್ಲಿ ಬೇಯಿಸಿ ನೆನೆಸಿ ರುಬ್ಬುತ್ತಾರೆ. ಹಾಗೆ ಮಾಡಿದಾಗ ಕಾಳಿನೊಳಗೆ ಬಂಧಿಯಾಗಿದ್ದ ನಯಾಸಿನ್ ಎಂಬ ವಿಟಮಿನ್ ಮೈಗೆ ಸಿಗುತ್ತದೆ. ಈ ಗುಟ್ಟು ಬಿಟ್ಟು ಬರೀ ಮೆಕ್ಕೆಜೋಳವನ್ನು ಒಯ್ದು ಉಂಡ ಯುರೋಪಿನ ಬಡವರು ಪೆಲಾಗ್ರಾ ರೋಗದಿಂದ ಸತ್ತರು. ಯುಕತಾನಿನ ಸಿಕಿಲ್ ಪಾಕ್ ಕೇಳಿ ನೋಡಿ, ಹುರಿದ ಕುಂಬಳಬೀಜ-ಟೊಮ್ಯಾಟೊ ಅರೆದದ್ದು, ನಮ್ಮ ಚಟ್ನಿಯೇ. ಆಗಷ್ಟೇ ಮಾಡಿದ್ದಿರಲಿ. ಮೊಟ್ಟೆ ತಿನ್ನುವವರಿಗೆ ಸಂಜೆಯ ಗಾಡಿಯ ಮಾರ್ಕೆಸೀತಾ ಇದೆ. ಗರಿಗರಿ ದೋಸೆಯಂಥದ್ದನ್ನು ಎಡಾಂ ಚೀಸ್ ತುರಿದು ಸುರುಳಿ ಸುತ್ತಿ ಕೊಡುತ್ತಾರೆ. ಬಿಸಿ ಬಿಸಿ, ನನ್ನ ಕಣ್ಣೆದುರು ಮಾಡಿದ್ದು, ನನ್ನ ಆಕ್ಷೇಪವಿಲ್ಲ.

ಪ್ರಶ್ನೆ: ವಾಟ್ಸಾಪಿನಲ್ಲಿ ಒಬ್ಬರು "ಕರುಳು ಶುದ್ಧಿ ಕಿಟ್" ಮಾರುತ್ತಿದ್ದಾರೆ. ಹೊರಡುವ ವಾರ ಮೊದಲು ಕುಡಿಯಬೇಕಂತೆ.

ಉತ್ತರ: ಆ ದುಡ್ಡಲ್ಲಿ ಇಬ್ಬರೂ ಇನ್ನೊಂದು ದಿನ ಟಿಕಿನ್ ಶಿಕ್ ತಿನ್ನಿ.

ಪ್ರಶ್ನೆ: ದಡದಲ್ಲಿ ಕಂದು ಪಾಚಿ ರಾಶಿ ಬಿದ್ದಿರುತ್ತದಂತೆ, ಯಾವಾಗ ಹೋಗಬೇಕು?

ಉತ್ತರ: ಸರ್ಗಾಸಮ್ ಹಾವಳಿ ಬೇಸಿಗೆಯಲ್ಲಿ ಜೋರು, ಚಳಿಗಾಲದಲ್ಲಿ ಕಡಿಮೆ. ಹೆಚ್ಚಿನದನ್ನು ಹೋಟೆಲಿನವರನ್ನು ಕೇಳಿ.

ಪ್ರಶ್ನೆ: ನನಗೀಗ ಐದು ತಿಂಗಳು. ಮಗು ಬರುವ ಮೊದಲು ಒಂದು ಸಲ ಇಬ್ಬರೇ ಹೋಗಿ ಬರೋಣ ಅಂತ ಆಸೆ.

ಉತ್ತರ: ನಿಮ್ಮನ್ನು ಬೈಯುವುದಿಲ್ಲಮ್ಮ. ಮೆಕ್ಸಿಕೋ ಜೀಕಾ ವೈರಸ್ ಹರಡಿದ ದೇಶಗಳಲ್ಲೊಂದು. ಸೊಳ್ಳೆಯಿಂದ ಬರುವ ಈ ಸೋಂಕು ತಾಯಿಗೆ ಸಣ್ಣ ಜ್ವರದಂತೆ ಕಂಡು ಹೋದರೂ ಮಗುವಿನ ಮಿದುಳಿಗೆ ಹಾನಿ ಮಾಡಬಲ್ಲದು. 2015-16ರಷ್ಟು ಪ್ರಕರಣ ಈಗಿಲ್ಲ, ನಿಮ್ಮ ಪ್ರಸೂತಿ ವೈದ್ಯರು ಲೆಕ್ಕ ಹಾಕಿ ಹೋಗಿ ಅಂದರೂ ಅನ್ನಬಹುದು. ನಾನು ಹೆದರುವವನು. ನನ್ನ ಮಗಳಾಗಿದ್ದರೆ ಈ ವರ್ಷ ಬೇಡ ಅನ್ನುತ್ತಿದ್ದೆ. ಹೋದರೂ ಕಾಯಿಸದ ಹಾಲಿನ ಮೆತ್ತನೆಯ ಹಸಿ ಚೀಸ್ ಮುಟ್ಟಬೇಡಿ, ಅದರಲ್ಲಿರಬಹುದಾದ ಲಿಸ್ಟೀರಿಯಾ ಬ್ಯಾಕ್ಟೀರಿಯಾ ಗರ್ಭಿಣಿಯರನ್ನು ಹುಡುಕಿಕೊಂಡು ಬರುತ್ತದೆ. ಭೇದಿಯಾದರೆ ಓಆರ್‌ಎಸ್ ಬಿಟ್ಟು ಯಾವ ಮಾತ್ರೆಯನ್ನೂ ನಿಮ್ಮ ವೈದ್ಯರನ್ನು ಕೇಳದೆ ನುಂಗಬೇಡಿ.

ಪ್ರಶ್ನೆ: ನಮ್ಮ ಅಮೆರಿಕದ ಎಚ್-1ಬಿ ಕೆಲಸದ ವೀಸಾದ ಸ್ಟಾಂಪ್ ಮುಗಿದಿದೆ. ಮೆಕ್ಸಿಕೋದೊಳಗೆ ಬಿಡುತ್ತಾರಾ?

ಉತ್ತರ: ಹೊಟ್ಟೆಯ ಡಾಕ್ಟರನ್ನು ಕೇಳುತ್ತಿದ್ದೀರಿ. ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಅಥವಾ ಗ್ರೀನ್ ಕಾರ್ಡ್ ಇದ್ದರೆ ಅವರ ಪ್ರತ್ಯೇಕ ವೀಸಾ ಬೇಡ. ಮುಗಿದಿದ್ದರೆ ಮೆಕ್ಸಿಕೋ ಕಾನ್ಸುಲೇಟಿಗೆ ಹೋಗಿ. ನನ್ನ ಹತ್ತಿರ ಬರಬೇಕಾದದ್ದು ವಾಪಸು ಬಂದು ಎರಡು ವಾರವಾದರೂ ಹೊಟ್ಟೆ ಸರಿಹೋಗದಿದ್ದಾಗ. ಆಗ ಜಿಯಾರ್ಡಿಯಾ ಎಂಬ ಕರುಳಿನ ಪರೋಪಜೀವಿಯನ್ನು ಹುಡುಕಬೇಕಾಗುತ್ತದೆ, ಮಲ ಪರೀಕ್ಷೆಗೆ ಕೊಡಬೇಕಾಗುತ್ತದೆ. ಆ ಡಬ್ಬಿಯನ್ನು ನಾನು ಹೇಳಿದ ಮೇಲೆ ತನ್ನಿ. ಹೋದ ಜನವರಿಯಲ್ಲಿ ಒಬ್ಬರು ಕ್ಯಾನ್‌ಕೂನ್‌ನಿಂದ ಕೈಚೀಲದಲ್ಲೇ ತಂದಿದ್ದರು.