ಹಕ್ಕಿ ನೋಡಲು ಒಂದು ಮನವಿ

ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಒಂಬತ್ತನೇ ತರಗತಿಯ ಓದುಗರೊಬ್ಬರು ಹೀಗೆ ಬರೆದಿದ್ದಾರೆ: ‘ನಮ್ಮ ಶಾಲೆಯಲ್ಲಿ ಪಕ್ಷಿವೀಕ್ಷಣೆ ಆರಂಭಿಸಬೇಕೆಂದು ಮುಖ್ಯ ಶಿಕ್ಷಕರಿಗೆ ಮನವಿ ಬರೆಯುತ್ತಿದ್ದೇನೆ. ಜ್ಞಾನ ಹೆಚ್ಚುತ್ತದೆ, ಪರಿಸರಪ್ರೇಮ ಬೆಳೆಯುತ್ತದೆ ಎಂಬ ಎರಡು ಸಾಲುಗಳ ನಂತರ ಏನೂ ತೋಚುತ್ತಿಲ್ಲ. ಉಳಿದ ವಿಚಾರಗಳನ್ನು ಎಲ್ಲಿಂದ ತರಲಿ?’

ಆ ಎರಡು ಸಾಲುಗಳು ಕೈತೋಟಕ್ಕೂ ಸಲ್ಲುತ್ತವೆ, ವಿಜ್ಞಾನ ಸಂಘಕ್ಕೂ ಸಲ್ಲುತ್ತವೆ. ಯಾವುದಕ್ಕೂ ಸಲ್ಲುವ ಮಾತು ಯಾರನ್ನೂ ಒಪ್ಪಿಸುವುದಿಲ್ಲ. ನಿಮ್ಮ ಮುಖ್ಯ ಶಿಕ್ಷಕರಿಗೆ ಹಕ್ಕಿಗಳ ಮೇಲೇನೂ ಸಿಟ್ಟಿರಲಾರದು. ಅವರು ‘ಆಗಲಿ’ ಎನ್ನಲು ಹಿಂಜರಿದರೆ, ಯಾವ ಅವಧಿಯಲ್ಲಿ ನಡೆಸುವುದು, ಯಾವ ಶಿಕ್ಷಕರು ಜೊತೆಗಿರುವುದು, ಖರ್ಚು ಯಾರದು, ಮಗುವೊಂದು ಎಡವಿ ಬಿದ್ದರೆ ಪಾಲಕರಿಗೆ ಉತ್ತರ ಹೇಳುವವರು ಯಾರು ಎಂಬ ಚಿಂತೆಗಳೇ ಅದಕ್ಕೆ ಕಾರಣವಾಗಿರುತ್ತವೆ. ನೀವು ಹುಡುಕುತ್ತಿರುವ ವಿಚಾರಗಳು ಸಿಗುವುದು ಅಲ್ಲಿಯೇ. ಅವರು ಬೇಡವೆನ್ನಲು ಇರಬಹುದಾದ ಕಾರಣಗಳನ್ನು ಮೊದಲು ಬರೆದುಕೊಂಡು, ಒಂದೊಂದಕ್ಕೂ ಪತ್ರದಲ್ಲಿ ಉತ್ತರ ಕೊಡಿ.

ನಿಮ್ಮ ತಾಲ್ಲೂಕಿನಲ್ಲೇ ಮಾಗಡಿ ಕೆರೆಯಿದೆ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಚಳಿಗಾಲ ಕಳೆಯುವ ಆ ಕೆರೆ 2024ರಲ್ಲಿ ರಾಮ್ಸರ್ ತಾಣಗಳ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ, ಪಟ್ಟಿಗೆ ಸೇರಿತು. ಇದನ್ನು ಒಂದು ವಾಕ್ಯದಲ್ಲಿ ಹೇಳಿ. ಆದರೆ ಮೊದಲ ಪತ್ರದಲ್ಲೇ ಅಲ್ಲಿಗೆ ಪ್ರವಾಸ ಕೇಳಬೇಡಿ. ಬಸ್ಸು, ಪಾಲಕರ ಒಪ್ಪಿಗೆ, ನೀರಿನ ದಡದಲ್ಲಿ ಮಕ್ಕಳ ಹಿಂಡು ಇವೆಲ್ಲ ಒಮ್ಮೆಗೇ ಕಣ್ಣ ಮುಂದೆ ಬಂದರೆ ಯಾವ ಮುಖ್ಯ ಶಿಕ್ಷಕರೂ ಪತ್ರವನ್ನು ಪಕ್ಕಕ್ಕಿಡುತ್ತಾರೆ.

ಅದಕ್ಕಿಂತ ಶಾಲೆಯ ಅಂಗಳವೇ ಲೇಸು. ಒಂದು ವಾರ ಪ್ರಾರ್ಥನೆಗೆ ಮುಂಚೆ ಕಾಲು ಗಂಟೆ ಅಲ್ಲಿ ನಿಂತು, ಕಂಡದ್ದನ್ನು ಬರೆದಿಡಿ: ‘ಸೋಮವಾರ, ಬೆಳಿಗ್ಗೆ 9.15, ಕೈ ತೊಳೆಯುವ ನಲ್ಲಿಯ ಬಳಿ ಗೊರವಂಕ 4, ಪಿಕಳಾರ 2. ತಂತಿಯ ಮೇಲೆ ಕಾಜಾಣ 1.’ ಹೆಸರು ತಿಳಿಯದ ಹಕ್ಕಿಯ ಬಣ್ಣ, ಕೊಕ್ಕು, ಬಾಲಗಳನ್ನು ಬರೆದರೂ ಸಾಕು. ಈ ಹಾಳೆಯನ್ನು ಪತ್ರಕ್ಕೆ ಲಗತ್ತಿಸಿದರೆ ಹಣ, ಸಮಯ, ಸುರಕ್ಷತೆ ಮೂರಕ್ಕೂ ಉತ್ತರ ಕೊಟ್ಟಂತಾಗುತ್ತದೆ. ದುರ್ಬೀನು ಬೇಕಾಗಲಿಲ್ಲ, ಪಾಠದ ಅವಧಿ ಹೋಗಲಿಲ್ಲ, ಯಾರೂ ಗೇಟು ದಾಟಲಿಲ್ಲ ಎಂದು ಧೈರ್ಯವಾಗಿ ಬರೆಯಬಹುದು. ಪ್ರತಿ ಫೆಬ್ರುವರಿಯಲ್ಲಿ ನಾಲ್ಕು ದಿನ ನಡೆಯುವ ‘ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್’ ಎಂಬ ಜಾಗತಿಕ ಎಣಿಕೆಯೂ ಒಮ್ಮೆಗೆ ಕೇಳುವುದು ಕನಿಷ್ಠ 15 ನಿಮಿಷಗಳನ್ನಷ್ಟೇ. ಭಾರತದಲ್ಲಿ 2013ರಿಂದ ನಡೆಯುತ್ತಿರುವ ಈ ಎಣಿಕೆಯಲ್ಲಿ ಶಾಲಾ ಕಾಲೇಜುಗಳು ತಮ್ಮ ಆವರಣದ ಹಕ್ಕಿಗಳನ್ನೇ ಎಣಿಸಿ ಪಾಲ್ಗೊಳ್ಳಬಹುದು.

ಫೆಬ್ರುವರಿ ಎಂದೊಡನೆ ಮುಖ್ಯ ಶಿಕ್ಷಕರಿಗೆ ನೆನಪಾಗುವುದು ಎಸ್ಸೆಸ್ಸೆಲ್ಸಿ. ಆದ್ದರಿಂದ ಹತ್ತನೇ ತರಗತಿಯವರನ್ನು ಸೇರಿಸುವುದಿಲ್ಲವೆಂದು ನೀವೇ ಮೊದಲು ಹೇಳಿಬಿಡಿ. ಪಕ್ಷಿತಜ್ಞ ಸಲೀಂ ಅಲಿಯವರ ಜನ್ಮದಿನವಾದ ನವೆಂಬರ್ 12ರ ಸುಮಾರಿಗೆ ಆರಂಭಿಸಿದರೆ ಎಣಿಕೆಯ ಹೊತ್ತಿಗೆ ಕಣ್ಣು ಪಳಗಿರುತ್ತದೆ.

ಪತ್ರದ ನಮೂನೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ‘ಇಂದ’, ‘ಗೆ’, ‘ವಿಷಯ’, ‘ಮಾನ್ಯರೇ’ ಎಲ್ಲವನ್ನೂ ತರಗತಿಯಲ್ಲೇ ಕಲಿತಿದ್ದೀರಿ. ವಿಷಯದ ಸಾಲಿನಲ್ಲಿ ಮಾತ್ರ ‘ಪಕ್ಷಿವೀಕ್ಷಣೆ ಕುರಿತು’ ಎಂದು ತೇಲಿಸದೆ, ‘ಶನಿವಾರದಂದು ಅರ್ಧ ಗಂಟೆ, ಒಂದು ತಿಂಗಳ ಪ್ರಯೋಗಕ್ಕೆ ಅನುಮತಿ ಕೋರಿ’ ಎಂದು ಬರೆಯಿರಿ. ಒಂದು ತಿಂಗಳಿಗೆ ಒಪ್ಪುವುದು ಇಡೀ ವರ್ಷಕ್ಕೆ ಒಪ್ಪುವುದಕ್ಕಿಂತ ಸುಲಭ. ಪತ್ರ ಕೊಡುವ ಮುನ್ನ ವಿಜ್ಞಾನ ಶಿಕ್ಷಕರನ್ನು ಕಂಡು, ಜೊತೆಗಿರುವುದಾಗಿ ಅವರು ಒಪ್ಪಿದರೆ ಆ ಮಾತನ್ನೂ ಅವರ ಅನುಮತಿಯಿಂದಲೇ ಸೇರಿಸಿ.